ಪಂಕ್ತಿ ತುಂಬುವವರೆಗೆ

ಶನಿವಾರ ಬೆಳಿಗ್ಗೆ ಹುಳು ಮನೆಯೊಳಗಿನ ಮಳೆ ನಿಂತಿತು.

ಅದು ನಿಜವಾದ ಮಳೆಯಲ್ಲ. ಸಾವಿರಾರು ರೇಷ್ಮೆಹುಳುಗಳು ಸೊಪ್ಪು ತಿನ್ನುವ ಸದ್ದು. ಮೂರು ದಿನ ಎಡೆಬಿಡದೆ ಸುರಿದದ್ದು ಒಮ್ಮೆಲೇ ಇಲ್ಲವಾದಾಗ ಶೋಭಾರಾಣಿ ಬಾಗಿಲಲ್ಲೇ ನಿಂತಳು. ಕಿಟಕಿಯ ಬಲೆಯಿಂದ ಇಳಿದ ಬೆಳಕಿನಲ್ಲಿ, ಹಾಸು ಒಣಗಿರಲೆಂದು ಉದುರಿಸಿದ ಸುಣ್ಣದ ಪುಡಿ ತೇಲುತ್ತಿತ್ತು. ಮೇವು ಹಾಸುವ ಅಂಕಣದ ತುಂಬ ಹುಳುಗಳು ತಲೆಯೆತ್ತಿ, ದೂರದಲ್ಲಿ ಯಾರೋ ಹೇಳುವ ಮಾತನ್ನು ಕೇಳಿಸಿಕೊಳ್ಳುತ್ತಿರುವಂತೆ ಅಲುಗಾಡದೆ ಕೂತಿದ್ದವು.

ನಾಲ್ಕನೇ ಜ್ವರ. ಹೆಸರು ಹಾಗಿದ್ದರೂ ಅದು ಕಾಯಿಲೆಯಲ್ಲ. ಹಳೆಯ ಚರ್ಮ ಕಳಚುವ ಮುನ್ನ ಹುಳು ಮೇವು ಬಿಟ್ಟು, ಒಂದು ದಿನಕ್ಕೂ ಹೆಚ್ಚು ಹೊತ್ತು ಹೀಗೆ ಕೂರುತ್ತದೆ. ಆಗ ಅದನ್ನು ಮುಟ್ಟಬಾರದು, ಕದಲಿಸಬಾರದು, ಸೊಪ್ಪು ಹಾಕಬಾರದು.

ಏನೂ ಮಾಡಬಾರದು ಎಂಬುದೇ ಶೋಭಾರಾಣಿಗೆ ಬಾರದ ವಿದ್ಯೆ.

ದಿಬ್ಬೂರಹಳ್ಳಿಗೆ ಸಮೀಪದ ಆ ಊರಿನ ಪಂಚಾಯಿತಿ ಕಚೇರಿಯಲ್ಲಿ ಅವಳು ಆರು ವರ್ಷದಿಂದ ಕಂಪ್ಯೂಟರ್ ಆಪರೇಟರ್. ಸರ್ವರ್ ನಿಧಾನವಾದರೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತದೆ. ಎದುರಿಗಿದ್ದವರು ಗೊಣಗುತ್ತಾರೆ. ಅವಳ ಬೆರಳು ಮೌಸನ್ನು ಒತ್ತುತ್ತಲೇ ಇರುತ್ತದೆ. ಒಮ್ಮೆ ಒಂದೇ ಅರ್ಜಿ ಮೂರು ಸಲ ದಾಖಲಾಗಿ, ಸರಿಪಡಿಸಲು ಎರಡು ವಾರ ಹಿಡಿದಿತ್ತು. ಸಂಜೆ ಮನೆಗೆ ಬಂದ ಮೇಲೂ ಎದೆ ಡವಗುಟ್ಟುತ್ತಿತ್ತು. ಶಿಡ್ಲಘಟ್ಟದ ಡಾಕ್ಟರು ಇಸಿಜಿ ಮಾಡಿಸಿ, “ಹಾರ್ಟ್ ಚೆನ್ನಾಗಿದೆ. ನೀವು ಸ್ವಲ್ಪ ನಿಧಾನ ಆಗ್ಬೇಕಮ್ಮ” ಎಂದಿದ್ದರು. ನಿಧಾನವಾಗುವುದು ಹೇಗೆಂದು ಚೀಟಿಯಲ್ಲಿ ಬರೆದಿರಲಿಲ್ಲ.

ಹೋದ ಬೆಳೆಯಲ್ಲಿ ಇದೇ ಜ್ವರದ ಹೊತ್ತಿಗೆ ಅವಳು ತಪ್ಪು ಮಾಡಿದ್ದಳು. ಅರ್ಧಕ್ಕಿಂತ ತುಸು ಹೆಚ್ಚು ಹುಳುಗಳು ಚರ್ಮ ಕಳಚಿ ಎದ್ದು ತಲೆಯಾಡಿಸುವುದನ್ನು ಕಂಡು ತಾಳಲಾರದೆ ಸೊಪ್ಪು ಹರಡಿದಳು. ಎದ್ದವು ತಿಂದು ಮುಂದೆ ಹೋದವು. ಏಳದವು ಸೊಪ್ಪಿನ ಕಡ್ಡಿಗಳ ಕೆಳಗೆ ಸಿಕ್ಕಿ ಹಿಂದೆ ಬಿದ್ದವು. ಕೊನೆಗೆ ಕೆಲವು ಗೂಡು ಕಟ್ಟುವಾಗ ಉಳಿದವು ಇನ್ನೂ ಮೇಯುತ್ತಿದ್ದವು. “ಅಮ್ಮಂಗೆ ಕಣ್ಣು ಕಾಣಲ್ಲ, ನಿಂಗೆ ತಾಳ್ಮೆ ಇಲ್ಲ. ಇನ್ನೊಂದು ಬೆಳೆ ಕೆಟ್ರೆ ಹುಳ ಸಾಕೋದೇ ಬಿಟ್ಬಿಡಣ” ಎಂದಿದ್ದ ಗಂಡ ಮುರಳಿಮೋಹನ್. ಅವನದು ಕೋಪದ ಮಾತಾಗಿರಲಿಲ್ಲ, ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ದಿನವಿಡೀ ಜನರ ಮಾತು ಕೇಳಿ ಬಂದವಳಿಗೆ ಆ ಮಳೆಯ ಸದ್ದಿರುವ ಕೋಣೆ ಒಂದೇ ಉಳಿದಿತ್ತು. ಅದಕ್ಕೂ ಬೀಗ ಬೀಳುವುದು ಅವಳಿಗೆ ಬೇಕಿರಲಿಲ್ಲ.

ಅತ್ತೆ ಅಮ್ಮಾಜಮ್ಮನ ಕಣ್ಣಿನ ಪೊರೆಯ ಆಪರೇಷನ್ನಿಗೆ ಚಿಕ್ಕಬಳ್ಳಾಪುರದ ಆಸ್ಪತ್ರೆಯವರು ಕೊಟ್ಟ ದಿನವೂ ಅದೇ ಶನಿವಾರ. ಮಗನ ಜೊತೆ ಆಟೋ ಹತ್ತುವ ಮುನ್ನ ಆಕೆ ಸೊಸೆಯ ಮುಂಗೈ ಹಿಡಿದಳು.

“ಶೋಭಮ್ಮಾ, ಇದ್ರಲ್ಲಿ ನೀನು ಮಾಡೋ ಕೆಲ್ಸ ಏನೂ ಇಲ್ಲ. ಕಷ್ಟ ಇರೋದೇ ಅಲ್ಲಿ.”

“ಹೋದ್ ಸಲಾನೂ ಇದೇ ಹೇಳಿದ್ರಿ ಅತ್ತೆ.”

“ಹೋದ್ ಸಲ ನೀನು ಕೇಳ್ಲಿಲ್ಲ. ನೋಡು, ಮದ್ವೆ ಮನೇಲಿ ಪಂಕ್ತಿ ತುಂಬೋ ಮುಂಚೆ ಅನ್ನ ಬಡಿಸ್ತೀವಾ? ಮೊದ್ಲು ಕೂತೋರು ಎಲೆ ಮುಂದೆ ಕಾಯ್ತಾರೆ. ಯಾರೂ ಸತ್ತೋಗಲ್ಲ. ಕಡೆಯೋನು ಕೂತ್ಮೇಲೆ ಬಡ್ಸು.”

ಭಾನುವಾರ ಬೆಳಿಗ್ಗೆ ಮೊದಲ ತಲೆಗಳು ಅಲುಗಿದವು. ಎದ್ದ ಹುಳುವಿನ ತಲೆ ದೊಡ್ಡದು, ಮೈ ಮಂಕು, ಸುಕ್ಕು ಸುಕ್ಕು. ಏಳದ್ದರ ಮೈ ಹೊಳೆಯುತ್ತಿರುತ್ತದೆ. ಚಿಂತಾಮಣಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಪ್ರಾಕ್ಟಿಕಲ್ಲಿಗೆ ಎಣಿಸಿದ ರೀತಿ ಅವಳಿಗೆ ನೆನಪಾಯಿತು. ಹನ್ನೊಂದಕ್ಕೆ ಅಂಕಣದ ಐದು ಕಡೆ, ಒಂದೊಂದು ಕಡೆ ಇಪ್ಪತ್ತರಂತೆ ನೂರು ಹುಳು ನೋಡಿದಳು. ಎದ್ದಿದ್ದವು ಅರವತ್ತನಾಲ್ಕು.

ಹೋದ ಸಲ ಸೊಪ್ಪು ಹಾಕಿದ್ದು ಹೆಚ್ಚುಕಡಿಮೆ ಇಂಥ ಹೊತ್ತಿನಲ್ಲೇ. ಅರವತ್ತನಾಲ್ಕು ಹಸಿದ ಬಾಯಿಗಳು ಗಾಳಿಯಲ್ಲಿ ಹುಡುಕುತ್ತಿದ್ದವು. ಎದೆ ಡವಗುಟ್ಟತೊಡಗಿತು. ಅವಳು ಹೊರಗೆ ಬಂದು ಜಗಲಿಯ ಮೇಲೆ ಕೂತಳು.

ಸ್ಕೂಟರಿನ ಹಿಂದೆ ಸೊಪ್ಪಿನ ಹೊರೆ ಕಟ್ಟಿಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ವೆಂಕಟರಾಮಪ್ಪ ಗಾಡಿ ನಿಲ್ಲಿಸಿದ. “ಏನಮ್ಮ ಶೋಭಾರಾಣಿ, ಹೋದ್ ಸಲ ಹುಳಕ್ಕೆ ಹಬ್ಬದೂಟ, ಈ ಸಲ ಏಕಾದಶೀನಾ?”

“ಹೂಂ ವೆಂಕಟರಾಮಣ್ಣ. ಬನ್ನಿ ಕೂತ್ಕೊಳಿ, ಪಾರಣೆಗೆ ನಿಮ್ಗೂ ಒಂದು ಕಡ್ಡಿ ಸೊಪ್ಪು ಹಾಕ್ತೀನಿ.”

“ಚಾಲ್ಲೇ, ಸಾಕು ಬಿಡಮ್ಮ! ಅತ್ತೆ ನಾಲ್ಗೆ ಇಸ್ಕೊಂಡು ಕೂತಿದ್ದೀಯ. ನಮ್ಮವು ನೆನ್ನೇನೇ ಎದ್ದು ಕಡ್ಡೀನೂ ಬಿಡ್ದಂಗೆ ತಿಂತಾವೆ, ಗೊತ್ತಾ?”

ಅವನು ನಗುತ್ತ ಹೋದ. ಅವಳ ನಗು ಅಲ್ಲಿಗೇ ನಿಂತಿತು. ಎದ್ದು ಸೊಪ್ಪಿನ ಕೋಣೆಗೆ ಹೋಗಿ ಒಂದು ಕಟ್ಟು ಎತ್ತಿಕೊಂಡಳು. ಒದ್ದೆ ಗೋಣಿಯ ತಣ್ಣನೆ ವಾಸನೆ ಮುಖಕ್ಕೆ ತಾಗಿತು. ಕಟ್ಟನ್ನು ಎದೆಗೊತ್ತಿಕೊಂಡು ನಿಂತಾಗ, ಎಲೆಗಳು ಎದೆಬಡಿತಕ್ಕೆ ಸಣ್ಣಗೆ ಅದುರುವುದು ಕಂಡಿತು. ಅವಳು ಅದನ್ನೇ ನೋಡಿದಳು. ತಡೆಯಲೂ ಹೋಗಲಿಲ್ಲ, ಓಡಲೂ ಇಲ್ಲ. ಅದುರುವಿಕೆ ಏರಿತು, ಅಲ್ಲೇ ಇತ್ತು, ಯಾವಾಗಲೋ ಇಳಿಯಿತು. ಏನೂ ಮಾಡದೆಯೂ ಅದು ಇಳಿಯುತ್ತದೆಂದು ಮೂವತ್ತನಾಲ್ಕು ವರ್ಷಕ್ಕೆ ಮೊದಲ ಸಲ ಕಂಡಳು. ಕಟ್ಟನ್ನು ಮತ್ತೆ ಗೋಣಿಯ ಕೆಳಗಿಟ್ಟಳು.

ಒಂದು ಗಂಟೆಗೆ ಎಂಬತ್ತಮೂರು. ಎದೆ ಮತ್ತೆ ಹೊಡೆದುಕೊಂಡಿತು, ಈ ಸಲ ತುಸು ಕಡಿಮೆ. ಹುಳು ಮನೆಯ ಗೋಡೆಗೆ ಒರಗಿ ಕೂತಳು. ಹಿತ್ತಿಲಲ್ಲಿ ಹೊಂಗೆಯ ನೆರಳು ಅಂಗುಲ ಅಂಗುಲವಾಗಿ ಸರಿಯುತ್ತಿತ್ತು. ಅರೆನಿದ್ದೆಯಲ್ಲಿ ದೊಡ್ಡ ಚಪ್ಪರವೊಂದು ಕಂಡಿತು. ಉದ್ದಕ್ಕೂ ಬಾಳೆಲೆ ಹಾಸಿದೆ, ಬೆಳ್ಳನೆಯ ಜನ ಒಬ್ಬೊಬ್ಬರೇ ಬಂದು ಕೂರುತ್ತಿದ್ದಾರೆ, ಯಾರಿಗೂ ಅವಸರವಿಲ್ಲ. ಸಾಲಿನ ತುದಿಯಲ್ಲಿ ಖಾಲಿಯಿದ್ದ ಒಂದು ಎಲೆ ತನ್ನದೆಂದು ಅವಳಿಗೆ ಹೊಳೆಯಿತು. ಹೋಗಿ ಕೂತಳು.

ಎಚ್ಚರವಾದಾಗ ಮೂರು ದಾಟಿತ್ತು. ಎಣಿಸಿದಳು, ತೊಂಬತ್ತಾರು. ಆಗ ಸೊಪ್ಪು ತಂದು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹಾಸಿದಳು.

ರಾತ್ರಿ ಆಸ್ಪತ್ರೆಯಲ್ಲೇ ಉಳಿದಿದ್ದ ಅಮ್ಮಾಜಮ್ಮ ಐದು ಗಂಟೆಗೆ ಕಪ್ಪು ಕನ್ನಡಕ ಹಾಕಿಕೊಂಡು ಆಟೋ ಇಳಿದು ನೇರ ಹುಳು ಮನೆಗೇ ಬಂದಳು. ದೂಳು, ಸುಣ್ಣ ಕಣ್ಣಿಗೆ ಸೋಕಬಾರದೆಂದು ಡಾಕ್ಟರು ಹೇಳಿದ್ದರಿಂದ ಹೊರಗೇ ನಿಂತು, ಮುಚ್ಚಿದ ಬಾಗಿಲಿಗೆ ಕಿವಿಯಿಟ್ಟಳು. ಹೋದ ಸಲದ ಸದ್ದು ಒಂದೆಡೆ ಜೋರು, ಒಂದೆಡೆ ಇಲ್ಲವೇ ಇಲ್ಲ ಎಂಬಂತೆ ಹರಿದು ಹರಿದು ಬಂದಿತ್ತು. ಶೋಭಾರಾಣಿ ಅತ್ತೆಯ ಮುಖವನ್ನೇ ನೋಡುತ್ತ ನಿಂತಳು.

“ಎಷ್ಟೊತ್ಗೆ ಹಾಕ್ದೆ?”

“ಮೂರೂವರೆಗೆ ಅತ್ತೆ.”

ಅಮ್ಮಾಜಮ್ಮ ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಆಮೇಲೆ ಮಗನ ಕಡೆ ತಿರುಗಿ, “ಮುರಳಿ, ಮುಂದಿನ ಬೆಳೆಗೆ ಮರಿ ಹುಳಕ್ಕೆ ಈಗ್ಲೇ ಫೋನ್ ಮಾಡಿ ಹೇಳ್ಬಿಡಪ್ಪ” ಎಂದಳು. “ಒಂದೇ ಸಮ ಸುರೀತಾ ಐತೆ.”

ಸೋಮವಾರ ಕಚೇರಿಯಲ್ಲಿ ಚಕ್ರ ತಿರುಗತೊಡಗಿತು. ಕಿಟಕಿಯ ಹೊರಗೆ ಹತ್ತು ಜನ. ಶೋಭಾರಾಣಿ ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮುಂದಿದ್ದ ಕೊಂಡಪ್ಪ ತಾತ ಐವತ್ತು ವರ್ಷ ಹುಳು ಸಾಕಿದವನು. ಬಗ್ಗಿ ನೋಡಿ, “ಏನಮ್ಮಾ, ನಿಂತೋಯ್ತಾ?” ಎಂದ.

“ಇಲ್ಲ ತಾತ, ಜ್ವರಕ್ಕೆ ಕೂತೈತೆ. ಎದ್ದೇಳತ್ತೆ.”

“ಓಹೋ, ಹಂಗಾದ್ರೆ ಮುಟ್ಬೇಡ” ಎಂದು ತಾತ ಬೆಂಚಿನ ಮೇಲೆ ಕೂತ.