ಅತ್ತೆಯ ನೀರಿಗಾಗಿ ಸುರಪುರಕ್ಕೆ

ಯಾದಗಿರಿಯಲ್ಲಿ ರೈಲು ಇಳಿದಾಗ ಬೆಳಗಿನ ಎಂಟಕ್ಕೇ ನೆಲ ಕಾದಿತ್ತು. ಕನ್ನಡನಾಡು ಒಂದಾದ ಮರುವರ್ಷದ ಬೇಸಿಗೆ ಅದು. ಧಾರವಾಡದ ನನಗೆ ಈ ಸೀಮೆ ಹೊಸದು. ಜೊತೆಗೆ ನನ್ನ ಅತ್ತೆ. ಲಕ್ವಾ ಹೊಡೆದು ಅವರ ಬಲಗೈ ಬಿದ್ದುಹೋಗಿ ಎರಡು ವರ್ಷವಾಗಿತ್ತು, ಎಡಗೈ ನಡುಗುತ್ತಿತ್ತು. ನೀರನ್ನು ನಾನೇ ಬಾಯಿಗೆ ಹೊಯ್ಯಬೇಕು, ಪರರ ಮುಂದೆ ಅದನ್ನೂ ಒಲ್ಲರು. ಕೈಲಾಗದವರಿಗೆ ಪಾತ್ರೆ ಮಾಡಿಕೊಡುವ ಕಂಚುಗಾರನೊಬ್ಬ ಸುರಪುರದಲ್ಲಿದ್ದಾನೆಂದು ಕೇಳಿ ಹೊರಟಿದ್ದೆವು.

ಶಹಾಪುರದ ಬಸ್ಸಿಗೆ ತಲೆಗೆ ಹತ್ತಾಣೆ. ದೋರನಹಳ್ಳಿಯಲ್ಲಿ ಎರಡು ಕುರಿಗಳೂ ಹತ್ತಿದವು. ಅವಕ್ಕೆ ಟಿಕೀಟು ಬೇಕೋ ಬೇಡವೋ ಎಂಬ ಜಗಳ ಶಹಾಪುರ ಬಂದರೂ ಮುಗಿಯಲಿಲ್ಲ. ಅಲ್ಲಿನ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ. ಅತ್ತೆ ಮಜ್ಜಿಗೆಯತ್ತ ನೋಡಲೂ ಇಲ್ಲ.

“ಯಾಕ್ರಿ ಅವ್ವಾರ, ನಮ್ಮ ಮಜ್ಜಗಿ ಹುಳಿ ಅದ ಏನ್ರಿ?” ಎಂದಳು ಖಾನಾವಳಿಯ ಹೆಂಗಸು.

“ನೀರಡಿಕಿ ಇಲ್ಲವಾ,” ಎಂದರು ಅತ್ತೆ. ತುಟಿ ಒಡೆದು ರಕ್ತ ಜಿನುಗುತ್ತಿತ್ತು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. ಹೋದ ಬೇಸಿಗೆಯಲ್ಲಿ ಹೀಗೇ ಹಟ ಹಿಡಿದು ಮೂರ್ಛೆ ಹೋಗಿದ್ದರು.

ಸುರಪುರ ಮುಟ್ಟಿದಾಗ ಮಧ್ಯಾಹ್ನ ಮೂರು. ಕಂಚುಗಾರ ಮೋನಪ್ಪನ ಅಂಗಡಿಯ ಗೋಡೆಯ ತುಂಬ ಏನೇನೋ ನೇತಾಡುತ್ತಿದ್ದವು: ಸೊಟ್ಟ ಹಿಡಿಯ ಚಮಚ, ಮಣಿಕಟ್ಟಿಗೆ ಕಟ್ಟುವ ಪುಟ್ಟ ಬಾಚಣಿಗೆ. ಅದು ಯಾರಿಗೆಂದು ಕೇಳಿದೆ.

“ಕಕ್ಕೇರಾದ ಮುದುಕಗ್ರಿ. ಬೆರಳು ಹೋಗ್ಯಾವ, ಮೀಸಿ ಶೋಕಿ ಹೋಗಿಲ್ಲ!”

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಎರಡು ಹಿಡಿಯ ಬಟ್ಟಲು ನೋಡಿದ್ದೆ. ಕಚ್ಚಿ ಕುಡಿಯಲು ಸುಲಭ, ಅಂಥದೇ ಮಾಡಿಕೊಡು ಎಂದು ಅವನಿಗೆ ಪಾಠ ಹೇಳತೊಡಗಿದೆ.

“ತಡೀರಿ ಅಕ್ಕಾರ, ಕುಡಿಯೋರು ನೀವಲ್ಲಲ್ಲ?” ಎಂದವನೇ ಅತ್ತೆಯತ್ತ ತಿರುಗಿದ. “ಅವ್ವಾರ, ನೀವು ಹೆಂಗ ಕುಡೀತೀರಿ? ಕಚ್ಚಿಯೋ, ಎತ್ತಿಯೋ?”

“ಎತ್ತಿನಪಾ. ಹುಟ್ಟಿದಾಗಿಂದ ತಂಬಿಗಿಗೆ ತುಟಿ ಹಚ್ಚಿಲ್ಲ. ಎಂಜಲ ಮಾಡಿದ್ದರಾಗ ಇನ್ನೊಬ್ಬರಿಗೆ ಹೆಂಗ ನೀರು ಕೊಡೂದು?”

ಎರಡು ವರ್ಷದಲ್ಲಿ ನಾನು ಇದನ್ನು ಕೇಳಿರಲೇ ಇಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಬೀಳಲಿ!

ಮರುದಿನ ಮಧ್ಯಾಹ್ನದವರೆಗೆ ಅವನು ಬಡಿದ. ಉದ್ದ ಮೂತಿಯ ಗಿಂಡಿಯೊಂದನ್ನು ನಾಲ್ಕು ಕಬ್ಬಿಣದ ಕಾಲುಗಳ ನಡುವೆ ತೂಗುಹಾಕಿದ. ಹಿಂದಿನಿಂದ ಒತ್ತಿದರೆ ಬಾಗುತ್ತದೆ, ಬಿಟ್ಟರೆ ತಾನೇ ನೆಟ್ಟಗಾಗುತ್ತದೆ. ಮೊದಲ ಸಲ ನೀರೆಲ್ಲ ಸೀರೆಯ ಮೇಲೆ. “ಜಳಕಾನ ಆತು!” ಎಂದು ಅತ್ತೆ ನಕ್ಕರು. ಮೋನಪ್ಪ ಮೂತಿಯನ್ನು ಸಣ್ಣದು ಮಾಡಿ, ಕಾಲುಗಳನ್ನು ಎತ್ತರಿಸಿದ. ಆಮೇಲೆ ಅತ್ತೆ ನಡುಗುವ ಅಂಗೈಯಿಂದ ಒತ್ತಿ, ಗಟಗಟನೆ ಕುಡಿದರು. ನಿಲ್ಲಿಸಲೇ ಇಲ್ಲ ಪುಣ್ಯಾತ್ಗಿತ್ತಿ.

ಮರಳಿ ಯಾದಗಿರಿಗೆ ಬಂದರೆ ರೈಲು ತಡ. ಟಿಕೀಟು ತೆಗೆಸಿ ಬೆವರುತ್ತ ಬಂದಾಗ ಅತ್ತೆ ಟ್ರಂಕಿನ ಮೇಲೆ ಗಿಂಡಿ ಇಡಿಸಿಕೊಂಡು ಕುಳಿತಿದ್ದರು. ಸುತ್ತ ಜನವೋ ಜನ.

“ಬಿಸಲಾಗ ಬಂದೀಯವಾ, ಕೂಡು. ಬಾಯಿ ತಗಿ.”

ಲಕ್ವಾ ಹೊಡೆದ ಮೇಲೆ ಅವರು ಒಬ್ಬರಿಗೆ ನೀರು ಕೊಟ್ಟದ್ದು ಅದೇ ಮೊದಲು. ನೆಲದ ಮೇಲೆ ಕುಳಿತು ಬಾಯಿ ತೆರೆದೆ. ಅರ್ಧ ನೀರು ಮೂಗಿಗೆ ಹೋಯಿತು. ಕಣ್ಣಲ್ಲೂ ನೀರು ಬಂತು.

“ಇನ್ನಷ್ಟು ಹಾಕ್ರಿ,” ಎಂದೆ.