ಇಸ್ರಾರ್ ಹೊಲಿದ ಗಾಳಿಮನೆ

ಬಸವಾಪಟ್ಟಣದ ಬಸ್‌ಸ್ಟ್ಯಾಂಡ್ ಪಕ್ಕ ಲಾರಿಗಳಿಗೆ ಟಾರ್ಪಾಲು ಹೊಲಿಯುವ ಇಸ್ರಾರನಿಗೆ ಇದ್ದದ್ದು ಒಬ್ಬನೇ ವೈರಿ, ತೂತು. ಹೊಲಿದ ಟಾರ್ಪಾಲಿನ ನಾಲ್ಕು ಮೂಲೆ ಎತ್ತಿ ಕಟ್ಟಿ, ಮಧ್ಯಕ್ಕೆ ಎರಡು ಕೊಡ ನೀರು ಸುರಿದು, ಕೆಳಗೆ ತಾನೇ ಅಂಗಾತ ಮಲಗುತ್ತಿದ್ದ. ಮುಖದ ಮೇಲೆ ಒಂದು ಹನಿ ಬಿದ್ದರೂ ಹೊಲಿಗೆ ಬಿಚ್ಚಿ ಮತ್ತೆ ಮೊದಲಿಂದ ಶುರು. ಇಪ್ಪತ್ತೆರಡು ವರ್ಷದಲ್ಲಿ ಅವನ ಮುಖ ಒದ್ದೆಯಾಗಿದ್ದು ಮೂರೇ ಸಲ.

ಅಂಥವನ ಹತ್ತಿರ ನಲ್ಲೂರಿನ ಟೀಚರ್ ದುರ್ಗಾಂಬಿಕಾ ಒಂದು ಚಿತ್ರ ಬರೆದುಕೊಂಡು ಬಂದರು. ಶಾಲೆಯ ಮಕ್ಕಳ ಹಬ್ಬಕ್ಕೆ ಗಾಳಿ ತುಂಬಿದ ಮನೆ ಬೇಕಿತ್ತು. ಎರಡು ಪದರದ ಗೋಡೆ, ನಡುವೆ ಫ್ಯಾನಿನ ಗಾಳಿ. ಮಕ್ಕಳು ಈ ಕಡೆ ಒತ್ತಿದರೆ ಆ ಕಡೆ ಉಬ್ಬಬೇಕು.

"ಮಾಡಾಕೆ ಆಗ್ತೈತೇನ್ರಿ?"

"ಏನ್ ಮೇಡಂ ಹಿಂಗೆ ಕೇಳ್ತೀರಿ? ಒಂದು ಚೂರು ಗಾಳಿ ಹೊರಗೆ ಹೋದ್ರೆ ನನ್ನ ಹೆಸರು ಇಸ್ರಾರ್ ಅಲ್ಲ!"

ಹದಿನೈದು ದಿನ ಕೂತು ಹೊಲಿದ. ಪ್ರತಿ ಸೂಜಿ ತೂತಿಗೂ ಗಮ್ ಹಚ್ಚಿ ಪಟ್ಟಿ ಅಂಟಿಸಿದ. ಹಬ್ಬದ ಹಿಂದಿನ ದಿನ ಶಾಲೆಯ ಅಂಗಳದಲ್ಲಿ ಫ್ಯಾನು ಹಾಕಿದಾಗ ಮನೆ ಠೀವಿಯಿಂದ ಎದ್ದು ನಿಂತಿತು. ಒಳಹೊಕ್ಕು ಗೋಡೆ ಒತ್ತಿದ. ಜಗ್ಗಲಿಲ್ಲ. ಭುಜ ಕೊಟ್ಟ. ತಮಟೆಯಂತೆ ಬಿಗಿದುಕೊಂಡಿದ್ದ ಗೋಡೆ ಅವನನ್ನೇ ಹಿಂದಕ್ಕೆ ಕೆಡವಿತು.

"ನಾಳೆ ಮಕ್ಕಳು ಇದರ ಜೊತೆ ಏನ್ ಆಡ್ಬೇಕ್ರಿ?" ಟೀಚರ್ ಮುಖ ಸಣ್ಣದಾಯಿತು.

"ಫ್ಯಾನು ಸರಿ ಇಲ್ಲ!" ಎಂದು ಇಸ್ರಾರ್ ಫ್ಯಾನಿಗೇ ಒದ್ದ.

ಬುತ್ತಿ ತಂದಿದ್ದ ಹೆಂಡತಿ ಬುಶ್ರಾ ಒಳಗೆ ಬಂದು ಗೋಡೆ ಒತ್ತಿ ನೋಡಿದಳು. "ಫ್ಯಾನಿಂದೇನ್ ತಪ್ಪೈತ್ರಿ? ನೀವು ಸಿಟ್ಟು ತುಂಬ್ಕೊಂಡು ಕೂತಂಗೆ ಐತೆ ಇದು, ಯಾರು ಮುಟ್ಟಿದ್ರೂ ಬಗ್ಗಲ್ಲ. ಸ್ವಲ್ಪ ಗಾಳಿ ಹೊರಗೆ ಬಿಡ್ರಿ."

"ತೂತು ಮಾಡಾಕೆ ಹೇಳ್ತೀಯಾ? ನನಗೆ?"

"ಕೈ ನಡುಗಿದ್ರೆ ಕತ್ತರಿ ಇಲ್ಲಿ ಕೊಡ್ರಿ."

ಅವಳ ಕೈಗೆ ಕತ್ತರಿ ಹೋಗುವುದಕ್ಕಿಂತ ಸಾಯುವುದು ಮೇಲೆಂದುಕೊಂಡು, ಗೋಡೆಯ ಬುಡದಲ್ಲಿ ಒಂದು ಗೇಣು ಹೊಲಿಗೆಯನ್ನು ತಾನೇ ಬಿಚ್ಚಿದ. ಬುಸ್ಸೆಂದು ಗಾಳಿ ಹೊರಟಿತು. ಗೋಡೆ ಮೆತ್ತಗಾಯಿತು. ಹಲ್ಲು ಕಚ್ಚಿಕೊಂಡು ಒತ್ತಿದ. ಎದುರು ಗೋಡೆ ಮೆಲ್ಲಗೆ ಉಬ್ಬಿ ಬುಶ್ರಾಳ ಬೆನ್ನಿಗೆ ಗುದ್ದಿತು.

"ಅಯ್ಯೋ, ಹೊಡಿತೀರೇನ್ರಿ!" ಎಂದು ಅವಳು ತಿರುಗಿ ಎರಡೂ ಕೈಯಿಂದ ತಳ್ಳಿದಳು. ಈ ಕಡೆಯ ಗೋಡೆ ಇಸ್ರಾರನನ್ನು ಕುಂಡಿ ಊರಿ ಕೂರಿಸಿತು. ಟೀಚರ್ ನಕ್ಕರು. ಅವನಿಗೂ ನಗು ತಡೆಯಲಾಗಲಿಲ್ಲ.

ಊಟ ಮುಗಿಸಿದವನೇ ಸೂಜಿ ದಾರ ತೆಗೆದ.

"ಮತ್ತೆ ಮುಚ್ತೀರಾ?" ಬುಶ್ರಾ ಗಾಬರಿಯಾದಳು.

"ಸುಮ್ನಿರೇ. ತೂತಿನ ಅಂಚು ಮಡಚಿ ಹೊಲಿತಿದೀನಿ. ನಾಳೆ ನೂರು ಮಕ್ಕಳು ಕುಣಿದ್ರೂ ಹರಿಬಾರ್ದು."