ಪಂಪಕ್ಕನ ಕಿವಿ

ಪಂಪು ರಿಪೇರಿ ಮಾಡುವ ಪಂಪಕ್ಕನ ನಿಜವಾದ ಹೆಸರು ಬೀದಿಯವರಿಗೆ ಮರೆತೇ ಹೋಗಿತ್ತು. ಎಂಥ ಹಟಮಾರಿ ಮೋಟರಾದರೂ ಸರಿ, ಬಿಚ್ಚುವ ಮೊದಲು ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳುತ್ತಿದ್ದಳು. ರೋಗ ಅಲ್ಲೇ ಗೊತ್ತಾಗುತ್ತಿತ್ತು. ಅವಳ ಕೆಲಸ ಮೆಚ್ಚದವರು ಊರಿಗೆಲ್ಲ ಒಬ್ಬರೇ, ಅವಳ ಅತ್ತೆ. "ಗ್ರೀಸು ಮೆತ್ಕೊಂಡು ಬರೋ ಸೊಸೆ ನನಗೇ ಸಿಗಬೇಕಿತ್ತಾ" ಎಂದು ಇಪ್ಪತ್ತು ವರ್ಷ ಮೂಗು ಮುರಿದರೇ ಹೊರತು ಒಮ್ಮೆಯೂ ವರ್ಕ್‌ಶಾಪಿನ ಕಡೆ ತಲೆ ಹಾಕಿದವರಲ್ಲ.

ಆ ಅತ್ತೆಗೆ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಬದಲಾಯಿಸದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ವಯಸ್ಸಾದ ಮೇಲೆ ಉಸಿರು ಕಟ್ಟತ್ತೆ. ಅದಕ್ಕೆ ಎದೆ ಬಗೀಬೇಕಾ?" ಮಗ ಗೋಗರೆದು ಸೋತ. ಪಂಪಕ್ಕನಿಗಂತೂ ಬೈಯುವವರೇ ಇಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಡ್ರಮ್ಮಿನಿಂದ ಎಣ್ಣೆ ಎತ್ತುವ ಪುಟ್ಟ ಕೈಪಂಪೊಂದನ್ನು ತಂದು ಅತ್ತೆಯ ಮುಂದೆ ನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿದಳು. "ಮೆಲ್ಲಗೆ ಒತ್ತಿ ನೋಡಿ ಅತ್ತೆ."

ಅತ್ತೆ ಹತ್ತು ಸಲ ಒತ್ತಿದರು. ಗಾಜಿನಂಥ ಪೈಪಿನಲ್ಲಿ ನೀರು ಅರ್ಧದವರೆಗೆ ಏರುವುದು, ಮತ್ತೆ ಜಾರುವುದು. "ಇದೇನೇ, ಕೈ ಬಿದ್ದುಹೋಯ್ತಲ್ಲ."

"ಒಳಗಿನ ರಬ್ಬರು ಸವೆದಿದೆ. ಮೇಲೆ ಹೋದ ನೀರನ್ನ ತಡೆದು ನಿಲ್ಸಲ್ಲ. ನಿಮ್ಮ ಹೃದಯಾನೂ ಹೀಗೇ. ಮೈಯೆಲ್ಲ ಸುತ್ತಿ ಬರಲಿ ಅಂತ ರಕ್ತ ತಳ್ಳತ್ತೆ, ಅದರಲ್ಲಿ ಒಂದಿಷ್ಟು ವಾಪಸ್ ಬರತ್ತೆ, ಅದನ್ನೇ ಮತ್ತೆ ತಳ್ಳಬೇಕು. ನಿಮಿಷಕ್ಕೆ ಎಪ್ಪತ್ತು ಸಲ. ನೀವು ಮಲಗಿದ್ರೂ ಅದಕ್ಕೆ ಮಲಗೋ ಹಾಗಿಲ್ಲ."

ಹೊಸ ರಬ್ಬರು ಹಾಕಿಕೊಟ್ಟಳು. ಎರಡೇ ಒತ್ತಿಗೆ ನೀರು ಚಿಮ್ಮಿ ಸೊಸೆಯ ಮುಖ ತೊಳೆಯಿತು. ಅತ್ತೆ ಮನಸಾರೆ ನಕ್ಕರು. ಆಮೇಲೆ ಎದೆ ಮುಟ್ಟಿಕೊಂಡರು.

"ಪಾಪ, ಎಷ್ಟು ದಿನದಿಂದ ಒದ್ದಾಡ್ತಿದೆಯೋ" ಎಂದರು. ಮರುದಿನವೇ ಆಸ್ಪತ್ರೆಗೆ ಸೇರಿದರು.

ಆಪರೇಷನ್ ಆದ ಹತ್ತನೇ ದಿನ ಡಾಕ್ಟರು ಬಂದು, "ಎಲ್ಲ ಸರಿಹೋಗಿದೆ ಅಮ್ಮ, ಮನೆಗೆ ಹೋಗಬಹುದು" ಎಂದರು. ಅತ್ತೆ ಮಂಚ ಬಿಟ್ಟು ಏಳಲಿಲ್ಲ.

"ನೀವು ಹೇಳಿಬಿಟ್ರೆ ಆಯ್ತಾ? ನಮ್ಮ ಸೊಸೆ ಕಿವಿ ಇಟ್ಟು ಹೇಳಲಿ."

ಡಾಕ್ಟರು ನಗುತ್ತ ಕೊರಳಿನ ಸ್ಟೆತಸ್ಕೋಪನ್ನು ತೆಗೆದುಕೊಟ್ಟರು. ವರ್ಕ್‌ಶಾಪಿನಿಂದ ನೇರ ಬಂದಿದ್ದ ಪಂಪಕ್ಕ ಅದನ್ನು ಕಿವಿಗಿಟ್ಟುಕೊಂಡು ಅತ್ತೆಯ ಎದೆಗೆ ಒತ್ತಿದಳು. ಕೇಳುತ್ತ ಕೇಳುತ್ತ ಅವಳ ಕಣ್ಣು ತುಂಬಿ ಬಂತು.

"ಯಾಕೇ, ಇನ್ನೂ ಸೋರ್ತಿದೆಯಾ?" ಅತ್ತೆಗೆ ಗಾಬರಿ.

"ಇಲ್ಲ ಅತ್ತೆ, ಒಂದು ಹನೀನೂ ಇಲ್ಲ" ಎಂದಳು ಪಂಪಕ್ಕ, ಗ್ರೀಸಿನ ಕೈಯಲ್ಲೇ ಕಣ್ಣೊರೆಸಿಕೊಳ್ಳುತ್ತ.